ಚಿನ್ನದ ಗಣಿಗೆ ಕಾವೇರಿ ಕರೆಂಟು

"ಏಷ್ಯಾದಲ್ಲೇ ಮೊಟ್ಟಮೊದಲು ವಿದ್ಯುತ್ ದೀಪ ಕಂಡ ನಗರ ನಮ್ಮ ಬೆಂಗಳೂರು" ಅನ್ನೋ ಸಂದೇಶ ವರ್ಷಕ್ಕೆ ನಾಲ್ಕು ಸಲವಾದರೂ ನನ್ನ ಫೋನಿಗೆ ಬಂದು ಬೀಳುತ್ತೆ. ನವೆಂಬರ್ ಒಂದರ ಆಸುಪಾಸಿನಲ್ಲಂತೂ ತಪ್ಪಿದ್ದಲ್ಲ. ಅದರ ಜೊತೆಗೇ "ಶಿವನಸಮುದ್ರದಿಂದ ಎಳೆದ ಲೈನು ಜಗತ್ತಿನಲ್ಲೇ ಅತ್ಯಂತ ಉದ್ದದ್ದು" ಅನ್ನೋ ಬಾಲಂಗೋಚಿ ಬೇರೆ. ಕೆಳಗೆ ಎರಡು ಕೆಂಪು ಹಳದಿ ಬಾವುಟ, ಆಮೇಲೆ "ಹತ್ತು ಜನರಿಗೆ ಕಳಿಸಿ". ನಾನು ಕಳಿಸಲ್ಲ ಬಿಡಿ.

ಕಳಿಸದೇ ಇರೋದಕ್ಕೆ ಕಾರಣ ಕನ್ನಡದ ಮೇಲಿನ ಅಭಿಮಾನ ಕಮ್ಮಿ ಅಂತಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ಕೋಲ್ಕತ್ತದಲ್ಲಿ 1899ರಲ್ಲೇ ಕಂಪನಿಯೊಂದು ವಿದ್ಯುತ್ ಮಾರೋಕೆ ಶುರು ಮಾಡಿತ್ತು. ಟೋಕಿಯೋದ ಗಿಂಜಾ ಬೀದಿಯಲ್ಲಿ 1882ರಲ್ಲೇ ಆರ್ಕ್ ದೀಪ ಉರಿದಿತ್ತು. ಜಲವಿದ್ಯುತ್ತಿನ ವಿಷಯಕ್ಕೆ ಬಂದರೂ ಅಷ್ಟೆ, ಡಾರ್ಜಿಲಿಂಗ್ ಪಕ್ಕದ ಸಿದ್ರಾಪೋಂಗ್‌ನಲ್ಲಿ 1897ರ ನವೆಂಬರ್‌ನಲ್ಲಿ 130 ಕಿಲೋವ್ಯಾಟಿನ ಪುಟ್ಟ ಸ್ಥಾವರ ನಮಗಿಂತ ಮುಂಚೆ ಶುರುವಾಗಿತ್ತು. ಇನ್ನು ಲೈನಿನ ಉದ್ದ. ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 1891ರಲ್ಲೇ ಒಂದು ಪ್ರದರ್ಶನಕ್ಕೋಸ್ಕರ 175 ಕಿ.ಮೀ. ಎಳೆದಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲಿ ಕೋಲ್‌ಗೇಟ್ ಅನ್ನೋ ಜಾಗದಿಂದ ಓಕ್ಲೆಂಡ್‌ವರೆಗೆ 140 ಮೈಲಿ ಲೈನು ಹೋಗಿತ್ತು. ನಮ್ಮದು 92 ಮೈಲಿ. ಅಂದರೆ ಸುಮಾರು 147 ಕಿ.ಮೀ.

ಹಾಗಂತ ಮೈಸೂರಿನ ಸಾಧನೆ ಸಣ್ಣದೇನಲ್ಲ. ಆದರೆ ಆ ಫಾರ್ವರ್ಡು ಹೊಗಳಬೇಕಾದ್ದನ್ನ ಬಿಟ್ಟು ಬೇರೇನನ್ನೋ ಹೊಗಳುತ್ತೆ. ಶಿವನಸಮುದ್ರದ ಕರೆಂಟು ತಯಾರಾದದ್ದು ಬೆಂಗಳೂರಿನ ಬೀದಿದೀಪಕ್ಕೂ ಅಲ್ಲ, ಅರಮನೆಯ ಝಗಮಗಕ್ಕೂ ಅಲ್ಲ. ಅದಕ್ಕೆ ಇದ್ದದ್ದು ಒಬ್ಬನೇ ಗಿರಾಕಿ. ಕೋಲಾರದ ಚಿನ್ನದ ಗಣಿ. ಲಂಡನ್ನಿನಲ್ಲಿ ಷೇರುದಾರರಿದ್ದ ಖಾಸಗಿ ಕಂಪನಿಗಳು, ಕಲ್ಲಿದ್ದಲಿನ ಖರ್ಚು ತಾಳಲಾರದೆ, ದೂರದ ನದಿಯ ಶಕ್ತಿಯನ್ನ ಹತ್ತು ವರ್ಷಕ್ಕೆ ಕರಾರು ಮಾಡಿಕೊಂಡು ಸರ್ಕಾರದಿಂದ ಕೊಂಡವು. ಈಗ ವೈಟ್‌ಫೀಲ್ಡಿನ ದೊಡ್ಡ ಕಟ್ಟಡಗಳು "ನಾವು ಗಾಳಿ ಬಿಸಿಲಿನ ವಿದ್ಯುತ್ತಲ್ಲೇ ನಡೀತೀವಿ" ಅಂತ ಬೋರ್ಡು ಹಾಕಿಕೊಳ್ಳುತ್ತವಲ್ಲ, ಅದರ ಮುತ್ತಜ್ಜ ಇಲ್ಲಿದ್ದಾನೆ. ಆ ಮುತ್ತಜ್ಜನ ಕಥೆ ಹೇಳೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಬನ್ನಿ.

ಮೊದಲು ಗೋಕಾಕದಲ್ಲಿ ಒಂದು ನಿಮಿಷ ನಿಂತು ಹೋಗೋಣ. ಘಟಪ್ರಭೆ ಅಲ್ಲಿ 50 ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದಿಂದ ಬೀಳ್ತಾಳೆ. ಅದರ ನೆತ್ತಿಯ ಮೇಲೇ 1880ರ ದಶಕದಲ್ಲಿ ಒಂದು ಹತ್ತಿ ಗಿರಣಿ ಎದ್ದಿತು. ಕಂಪನಿ ಹೆಸರಲ್ಲೇ 'ವಾಟರ್ ಪವರ್' ಅನ್ನೋ ಮಾತಿತ್ತು, ಅಂದರೆ ಉದ್ದೇಶ ಮುಚ್ಚಿಟ್ಟಿದ್ದೇನಲ್ಲ. ಹತ್ತಿ ಬೆಳೆಯೋ ಸೀಮೆ ಪಕ್ಕದಲ್ಲಿ, ಕಲ್ಲಿದ್ದಲು ಮಾತ್ರ ಬಲು ದೂರ. ಬೀಳೋ ನೀರು ಪುಕ್ಕಟೆ. ಲೆಕ್ಕ ಸುಲಭ. ಆದರೆ ಗೋಕಾಕದ ಲೆಕ್ಕಕ್ಕೆ ಒಂದು ಮಿತಿ ಇದೆ, ಗಿರಣಿಯೇ ಜಲಪಾತದ ಹತ್ತಿರ ಹೋಗಬೇಕು. ಹತ್ತಿಯನ್ನ ಗಾಡಿಗೆ ಹೇರಿಕೊಂಡು ಬರಬಹುದು, ಕೂಲಿಯವರನ್ನ ಕರೆತಂದು ಮನೆ ಕಟ್ಟಿಕೊಡಬಹುದು. ಚಿನ್ನದ ಗಣಿಯನ್ನ ಹೇಗೆ ಹೊತ್ತು ತರೋದು?

ಕೋಲಾರದ ಕಥೆ ನಿಮಗೆ ಗೊತ್ತಿರೋದೇ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಯಾರ ಹೆಸರು ಇದೆಯೋ ಆ ಮೈಕೆಲ್ ಲ್ಯಾವೆಲ್ ಅನ್ನೋ ಐರಿಷ್ ನಿವೃತ್ತ ಸೈನಿಕ 1870ರ ದಶಕದಲ್ಲಿ ಅಗೆಯೋ ಹಕ್ಕು ಪಡೆದ. ದುಡ್ಡು ಸಾಕಾಗದೆ ಕೈಬಿಟ್ಟ. 1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಬಂದಮೇಲೆ ಅದು ನಿಜವಾದ ಗಣಿಯಾಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಹೀಗೆ ಸಾಲು ಸಾಲು ಕಂಪನಿಗಳು. ಮೈಸೂರು ಸರ್ಕಾರಕ್ಕೆ ಸಿಗೋದು ಶೇಕಡ 5 ರಾಜಧನ, ಉಳಿದದ್ದೆಲ್ಲ ಲಂಡನ್ನಿಗೆ.

ಗಣಿ ಆಳಕ್ಕೆ ಹೋದಷ್ಟೂ ಶಕ್ತಿ ಹೆಚ್ಚು ಬೇಕು. ನೀರನ್ನ ಎತ್ತಿ ಹೊರಗೆ ಹಾಕಬೇಕು, ಕಲ್ಲು ಎತ್ತಬೇಕು, ಜನರನ್ನ ಇಳಿಸಬೇಕು ಹತ್ತಿಸಬೇಕು, ಕಲ್ಲನ್ನ ಪುಡಿ ಮಾಡಬೇಕು, ಕೆಳಗಿನ ಕೊರೆಯೋ ಯಂತ್ರಗಳಿಗೆ ಗಾಳಿ ಒತ್ತಿ ಕಳಿಸಬೇಕು. ಇವೆಲ್ಲ ಹಗಲು ರಾತ್ರಿ ನಡೀಬೇಕು. ಇಷ್ಟಕ್ಕೂ ಉಗಿಯಂತ್ರ. ಉಗಿಯಂತ್ರಕ್ಕೆ ಸೌದೆ, ಇಲ್ಲವೇ ಕಲ್ಲಿದ್ದಲು. ಕೋಲಾರದ ಸುತ್ತ ಇರೋದೇ ಕುರುಚಲು ಕಾಡು, ಅದು ಬಾಯ್ಲರಿನ ಹೊಟ್ಟೆಗೆ ಎಷ್ಟು ದಿನ ಬರುತ್ತೆ? ಕಲ್ಲಿದ್ದಲು ಬಂಗಾಳದಂಥ ದೂರದಿಂದ ಬರಬೇಕು, ಅದರ ಬೆಲೆಗಿಂತ ಸಾಗಾಣಿಕೆಯೇ ಭಾರ. ಚಿನ್ನ ಎಷ್ಟೇ ಸಿಕ್ಕಲಿ, ಒಂದು ಟನ್ ಕಲ್ಲಿನಿಂದ ಬರೋ ಚಿನ್ನ ಕೆಲವು ಗ್ರಾಮುಗಳ ಲೆಕ್ಕ. ಇಂಧನದ ಖರ್ಚು ಸ್ವಲ್ಪ ಇಳಿದರೂ ಕೆಳದರ್ಜೆಯ ಅದಿರೂ ಲಾಭಕ್ಕೆ ಬರುತ್ತೆ.

ಪರಿಸರದ ಕಾಳಜಿ ಅನ್ನೋ ಮಾತು ಈ ಇಡೀ ವ್ಯವಹಾರದಲ್ಲಿ ಎಲ್ಲೂ ಇಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ಇದ್ದದ್ದು ಬರೀ ರೂಪಾಯಿ ಪೌಂಡಿನ ಲೆಕ್ಕ. ನನಗೆ ಇದೇ ಇಷ್ಟ. ಒಳ್ಳೇತನದ ಬೋರ್ಡು ಹಾಕಿಕೊಳ್ಳದೆ ನಡೆದ ವ್ಯಾಪಾರವನ್ನ ಅರ್ಥಮಾಡಿಕೊಳ್ಳೋದು ಸುಲಭ.

ಆ ಹೊತ್ತಿಗೆ ಮೈಸೂರಿನ ದಿವಾನರು ಕೆ. ಶೇಷಾದ್ರಿ ಅಯ್ಯರ್. 1883ರಿಂದ 1901ರವರೆಗೆ, ಹದಿನೆಂಟು ವರ್ಷ. 1894ರ ಕೊನೆಯಲ್ಲಿ ಹತ್ತನೇ ಚಾಮರಾಜ ಒಡೆಯರು ತೀರಿಕೊಂಡು, ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಕಾಲ. ಡೆಪ್ಯುಟಿ ಚೀಫ್ ಇಂಜಿನಿಯರ್ ಆಗಿದ್ದವರು ಎ. ಜೋಲಿ ದ ಲೋಟ್‌ಬಿನಿಯೇರ್ ಅನ್ನೋ ಕೆನಡಾದವರು. ಬ್ರಿಟಿಷ್ ಸೇನೆಯ ರಾಯಲ್ ಇಂಜಿನಿಯರ್ಸ್ ಪಡೆಯ ಅಧಿಕಾರಿ. ಅಪ್ಪ ಕ್ವಿಬೆಕ್ ಪ್ರಾಂತ್ಯದ ಪ್ರೀಮಿಯರ್ ಆಗಿದ್ದವರು. (ಈ ಹೆಸರನ್ನ ಮಳವಳ್ಳಿ ಕಡೆಯ ಜನ ಹೇಗೆ ಉಚ್ಚಾರ ಮಾಡುತ್ತಿದ್ದರೋ ಅಂತ ಯೋಚಿಸಿದರೇ ನಗು ಬರುತ್ತೆ.)

ನಯಾಗರದ ವಿದ್ಯುತ್ತು 1896ರಲ್ಲಿ ಬಫೆಲೋ ಊರಿಗೆ ಮುಟ್ಟಿತ್ತು. ಆದರೆ ಅದು ನಲವತ್ತು ಚಿಲ್ಲರೆ ಕಿ.ಮೀ. ದೂರ, ಅಷ್ಟೆ. ಲೋಟ್‌ಬಿನಿಯೇರ್ ಯೂರೋಪು ಅಮೆರಿಕ ಸುತ್ತಿ, ಅಲ್ಲಿನ ಸ್ಥಾವರಗಳನ್ನ ನೋಡಿ, ತಯಾರಕರ ಜೊತೆ ಮಾತಾಡಿ ಬಂದರು. ಟರ್ಬೈನು ಸ್ವಿಟ್ಸರ್ಲೆಂಡಿನ ಎಷರ್ ವೀಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ದು ಅಂತ ತೀರ್ಮಾನವಾಯಿತು. ಆಳೋದು ಬ್ರಿಟಿಷರ ನೆರಳಲ್ಲಿ, ಆದರೆ ದೊಡ್ಡ ಆರ್ಡರು ಸ್ವಿಸ್ಸರಿಗೂ ಅಮೆರಿಕದವರಿಗೂ. ಕೆಲಸ ಗೊತ್ತಿದ್ದವರು ಅವರೇ, ಅದಕ್ಕೆ.

ಯಂತ್ರಕ್ಕಿಂತ ಕಷ್ಟದ್ದು ಕರಾರು. ಗಿರಾಕಿ ಇಲ್ಲದೆ ಸರ್ಕಾರ ಸ್ಥಾವರ ಕಟ್ಟೋ ಹಾಗಿಲ್ಲ, ಅಷ್ಟು ದೊಡ್ಡ ಮೊತ್ತ ಸಣ್ಣ ಸಂಸ್ಥಾನಕ್ಕೆ ಆಟದ ಮಾತಲ್ಲ. ಕರೆಂಟು ಬರುತ್ತೆ ಅಂತ ಖಾತ್ರಿ ಇಲ್ಲದೆ ಗಣಿಯವರು ಮೋಟಾರು ತರಿಸಲ್ಲ. ಒಂದು ದಿನ ಲೈನು ಕೈಕೊಟ್ಟರೆ ಕೆಳಗೆ ನೀರು ತುಂಬುತ್ತೆ, ಜನ ಒಳಗಿರ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನಂಬಬೇಕು. ಕೊನೆಗೆ ಆದ ಒಪ್ಪಂದದ ಸಾರ ಇಷ್ಟು. ಗಣಿ ಕಂಪನಿಗಳು 4,000 ಅಶ್ವಶಕ್ತಿಯಷ್ಟು ವಿದ್ಯುತ್ತನ್ನ ಹತ್ತು ವರ್ಷ ಕೊಳ್ಳುತ್ತವೆ, ಮೊದಲ ವರ್ಷಗಳಲ್ಲಿ ದರ ಹೆಚ್ಚು, ಆಮೇಲೆ ಇಳಿಯುತ್ತೆ. ಅಂದರೆ ಹಾಕಿದ ಬಂಡವಾಳ ಮೊದಲೇ ವಾಪಸ್ಸು ಬರೋ ಹಾಗೆ ಸರ್ಕಾರ ನೋಡಿಕೊಂಡಿತು. ಈಗ ಸೋಲಾರ್ ಕಂಪನಿಗಳು ದೊಡ್ಡ ಬಳಕೆದಾರರ ಜೊತೆ ಮಾಡಿಕೊಳ್ಳೋ ದೀರ್ಘಾವಧಿ ಕರಾರಿನ ಎಲುಬು ಇದೇ ತಾನೇ? ಬ್ಯಾಂಕಿನವರು ಮೊದಲು ಕೇಳೋದೇ "ಕೊಳ್ಳೋರು ಯಾರು, ಎಷ್ಟು ವರ್ಷಕ್ಕೆ" ಅಂತ.

ಇನ್ನೊಂದು ತೊಡಕು ಮದರಾಸಿನದು. ಶಿವನಸಮುದ್ರದ ಹತ್ತಿರ ಕಾವೇರಿ ಎರಡಾಗಿ ಒಡೆದು ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಬೀಳ್ತಾಳೆ. ಆಗ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಅದು ನಮ್ಮ ರಾಜ್ಯಕ್ಕೆ ಬಂದದ್ದು 1956ರಲ್ಲಿ. ಹಾಗಾಗಿ ಗಗನಚುಕ್ಕಿಯ ಕಡೆ ಮೈಸೂರು, ಭರಚುಕ್ಕಿಯ ಕಡೆ ಮದರಾಸು. ನೀರನ್ನ ಯಾರೂ ಕುಡಿದು ಮುಗಿಸಲ್ಲ, ಟರ್ಬೈನು ತಿರುಗಿಸಿ ಮತ್ತೆ ನದಿಗೇ ಬಿಡ್ತೀವಿ ಅನ್ನೋದು ಇಂಥ ಯೋಜನೆಯ ಗಟ್ಟಿ ವಾದ. ಆ ಹಂತಕ್ಕೆ ಅದು ನಿಜವೂ ಹೌದು. ಈ ಮಾತು ಮುಂದೆ ಹೇಗೆ ಬದಲಾಯಿತು ಅನ್ನೋದಕ್ಕೆ ಆಮೇಲೆ ಬರ್ತೀನಿ.

ಆಗಿನ ಶಿವನಸಮುದ್ರ ಅಂದರೆ ಕಾಡು, ಬಂಡೆ, ಮಲೇರಿಯಾ. ಹತ್ತಿರದ ರೈಲು ನಿಲ್ದಾಣ ಮದ್ದೂರು. ಅಲ್ಲಿಂದ ಭಾರದ ಯಂತ್ರಗಳು ಎತ್ತಿನ ಗಾಡಿಯಲ್ಲಿ, ಆನೆಗಳ ಬಲದಲ್ಲಿ ಬಂದವು. ನದಿಯಿಂದ ಕಾಲುವೆ ತೋಡಿ ಬೆಟ್ಟದ ಅಂಚಿಗೆ ನೀರು ತಂದು, ಅಲ್ಲಿಂದ ದಪ್ಪ ಕಬ್ಬಿಣದ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಗೆ ಇಳಿಸಿದರು. ಕೊಳವೆಯ ಕಾಲ ಹತ್ತಿರ ಪವರ್ ಹೌಸು. ಮೇಲಿನ ಊರಿಗೆ 'ಬ್ಲಫ್' ಅಂತ ಹೆಸರು ಬಿತ್ತು. ಮಳವಳ್ಳಿ ಕಡೆ ಈಗಲೂ "ಬ್ಲಫಿಗೆ ಹೋಗಿದ್ದೆ" ಅಂತಾರೆ, ಸುಳ್ಳು ಹೇಳೋಕೆ ಹೋಗಿದ್ದರು ಅಂದುಕೊಳ್ಳಬೇಡಿ :) ಇಂಗ್ಲಿಷಿನಲ್ಲಿ ಕಡಿದಾದ ದಿಬ್ಬಕ್ಕೆ ಆ ಹೆಸರು.

ಕೆಳಗೆ 720 ಕಿಲೋವ್ಯಾಟಿನ ಆರು ಯಂತ್ರ, ಒಟ್ಟು 4.32 ಮೆಗಾವ್ಯಾಟ್. ಈಗಿನ ಲೆಕ್ಕಕ್ಕೆ ಒಂದೆರಡು ದೊಡ್ಡ ಗಾಳಿಯಂತ್ರ ಇಷ್ಟನ್ನ ಕೊಡುತ್ತೆ. ಆದರೆ ಅಸಲು ಜಾಣತನ ಇದ್ದದ್ದು ದೂರ ಕಳಿಸೋದರಲ್ಲಿ. ವಿದ್ಯುತ್ ಪ್ರವಾಹ ಹೆಚ್ಚಿದಷ್ಟೂ ತಂತಿ ಕಾಯುತ್ತೆ, ಆ ಕಾವೆಲ್ಲ ನಷ್ಟ. ಒತ್ತಡ ಹೆಚ್ಚಿಸಿದರೆ ಅದೇ ಶಕ್ತಿಯನ್ನ ಕಮ್ಮಿ ಪ್ರವಾಹದಲ್ಲಿ ಸಾಗಿಸಬಹುದು, ತಂತಿಯೂ ತೆಳ್ಳಗಿದ್ದರೆ ಸಾಕು, ತಾಮ್ರದ ಖರ್ಚೂ ಉಳೀತು. ಹಾಗಾಗಿ ಟ್ರಾನ್ಸ್‌ಫಾರ್ಮರಿನಲ್ಲಿ ಒತ್ತಡವನ್ನ ಮೂವತ್ತು ಸಾವಿರ ವೋಲ್ಟಿನ ಮೇಲಕ್ಕೆ ಏರಿಸಿ ಲೈನಿಗೆ ಬಿಟ್ಟರು. ಪ್ರವಾಹದ ಆವರ್ತನ ಸೆಕೆಂಡಿಗೆ 25 ಸಲ. ದೊಡ್ಡ ಮೋಟಾರಿಗೆ ಅದು ಹೊಂದುತ್ತಿತ್ತು, ದೀಪಕ್ಕೆ ಅಷ್ಟಕ್ಕಷ್ಟೆ. ಕಣ್ಣಿಗೆ ಮಿಣಮಿಣ ಅನ್ನೋದು ಗೊತ್ತಾಗುತ್ತೆ. ಇದೂ ಒಂದು ಸಾಕ್ಷಿ, ಇದು ಮನೆಯವರಿಗೆ ಅಂತ ಕಟ್ಟಿದ್ದಲ್ಲ, ಗಣಿಗೆ ಅಂತ ಕಟ್ಟಿದ್ದು.

1902ರ ಜೂನ್ 30ರಂದು ಕಾವೇರಿಯ ಶಕ್ತಿ ಕೋಲಾರ ಮುಟ್ಟಿತು. ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ. 1901ರಲ್ಲಿ ಆರೋಗ್ಯ ಕೆಟ್ಟು ದಿವಾನಗಿರಿ ಬಿಟ್ಟು, ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಒಂಬತ್ತು ತಿಂಗಳು ತಡೆದಿದ್ದರೆ... ಇರಲಿ. ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆ ಇದೆ, ಪಕ್ಕದಲ್ಲೇ ಅವರ ಹೆಸರಿನ ಕೆಂಪು ಗ್ರಂಥಾಲಯ. ಅಲ್ಲಿ ಕೂತು ಓದಿದವರಲ್ಲಿ ಎಷ್ಟು ಜನಕ್ಕೆ ತಲೆ ಮೇಲಿನ ದೀಪಕ್ಕೂ ಆ ಮನುಷ್ಯನಿಗೂ ಇರೋ ಸಂಬಂಧ ಗೊತ್ತು?

ಗಣಿಯಲ್ಲಿ ಮೊದಲು ಕರೆಂಟು ಹತ್ತಿದ್ದು ಕಲ್ಲು ಕುಟ್ಟೋ ಯಂತ್ರಗಳಿಗೆ, ಗಾಳಿ ಒತ್ತೋ ಯಂತ್ರಗಳಿಗೆ. ಜನರನ್ನ ಇಳಿಸೋ ಹತ್ತಿಸೋ ಕೆಲಸ ಇನ್ನೂ ಬಹಳ ಕಾಲ ಉಗಿಯ ಕೈಯಲ್ಲೇ ಇತ್ತು. ಹೊಸದನ್ನ ನಂಬಿದರು, ಹಳೆಯದನ್ನ ಕಿತ್ತೆಸೆಯಲಿಲ್ಲ. ಬುದ್ಧಿವಂತ ವ್ಯಾಪಾರಿಗಳು.

ಲೋಟ್‌ಬಿನಿಯೇರ್ ಇಲ್ಲಿನ ಕೆಲಸ ಮುಗಿಸಿ ಕಾಶ್ಮೀರಕ್ಕೆ ಹೋಗಿ, ಝೇಲಂ ನದಿಯ ಮೊಹೋರಾ ಸ್ಥಾವರ ಕಟ್ಟಿದರು. ಜನರಲ್ ಎಲೆಕ್ಟ್ರಿಕ್‌ನಿಂದ ಬಂದು ಮೈಸೂರಿನ ವಿದ್ಯುತ್ ಇಲಾಖೆಯ ಮುಖ್ಯಸ್ಥರಾದ ಎಚ್.ಪಿ. ಗಿಬ್ಸ್ ಆಮೇಲೆ ಟಾಟಾದವರ ಜಲವಿದ್ಯುತ್ ಕಂಪನಿ ಸೇರಿದರು. ಅಲ್ಲಿಯೂ ಇದೇ ಕಥೆ. ಗಿರಾಕಿ ಬೊಂಬಾಯಿಯ ಬಟ್ಟೆ ಗಿರಣಿಗಳು, ಖೋಪೋಲಿಯಿಂದ 1915ರಲ್ಲಿ ಕರೆಂಟು ಬಂತು, ಗಿರಣಿಯ ಹೊಗೆ ಕಮ್ಮಿಯಾಯಿತು. ಮುಂದೆ ಟಾಟಾ ಮುಳಶಿಯಲ್ಲಿ ಅಣೆಕಟ್ಟು ಹಾಕಹೊರಟಾಗ ಜಮೀನು ಮುಳುಗಿಸಿಕೊಳ್ಳಬೇಕಾದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು, ಸೇನಾಪತಿ ಬಾಪಟ್ ಮುಂದಾಳು. ಸ್ವಚ್ಛ ವಿದ್ಯುತ್ತಿಗೆ ಊರು ಬಿಡಬೇಕಾದವರ ಜಗಳ ನರ್ಮದೆಯಿಂದ ಶುರುವಾದದ್ದಲ್ಲ, ನೋಡಿ.

ನಮ್ಮ ಕಡೆ ಆ ಜಗಳ ಬೇರೆ ರೂಪದಲ್ಲಿ ಬಂತು. ಕಾವೇರಿ ಮಳೆಗಾಲದಲ್ಲಿ ಭೋರ್ಗರೀತಾಳೆ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಬೆಳ್ಳಿಗೆರೆಯಷ್ಟೇ. ಗಣಿಗೆ ಬೇಸಿಗೆ ಅಂತ ರಜಾ ಇಲ್ಲ. ಗಣಿಯವರು ಇನ್ನಷ್ಟು ಕೊಡಿ ಅಂತ ಕೇಳ್ತಾ ಹೋದರು, 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ದೀಪ ಬಂತು, ನದಿ ಮಾತ್ರ ಅಷ್ಟೇ ಇತ್ತು. ಈಗ ಸೋಲಾರ್ ವಿರೋಧಿಗಳು "ಸೂರ್ಯ ಮುಳುಗಿದ ಮೇಲೆ ಏನು ಮಾಡ್ತೀರಾ?" ಅಂತ ಕೇಳ್ತಾರಲ್ಲ, ಆಗಿನ ಪ್ರಶ್ನೆ "ಮಾರ್ಚ್ ಏಪ್ರಿಲ್‌ನಲ್ಲಿ ಏನು ಮಾಡ್ತೀರಾ?" ಅನ್ನೋದು. ಉತ್ತರವೂ ಒಂದೇ. ಇರೋ ಕಾಲದಲ್ಲಿ ಕೂಡಿಡಬೇಕು. ಕೂಡಿಡೋ ಮಡಿಕೆ ಕನ್ನಂಬಾಡಿ.

ಕನ್ನಂಬಾಡಿ ಕಟ್ಟೆ ಅಂದರೆ ನಮಗೆ ಮಂಡ್ಯದ ಕಬ್ಬು, ಭತ್ತ, ವಿಶ್ವೇಶ್ವರಯ್ಯನವರ ಫೋಟೋ ನೆನಪಾಗುತ್ತೆ. ನೀರಾವರಿಯ ಉದ್ದೇಶ ಖಂಡಿತ ಇತ್ತು. ಆದರೆ 1911ರಲ್ಲಿ ಮಂಜೂರಾತಿ ಸಿಗುವಾಗ ಖಜಾನೆಯವರಿಗೆ ಹೇಳಿದ ಗಟ್ಟಿ ಕಾರಣ ಗಣಿಗಳು ಕೊಡೋ ಹಣ. ರೈತರ ಕಂದಾಯ ಬರೋದು ಯಾವಾಗಲೋ, ಕಾಲುವೆ ತೋಡಿ ಗದ್ದೆ ಆಗಬೇಕು. ಗಣಿಯ ದುಡ್ಡು ಕರೆಂಟು ಕೊಟ್ಟ ತಿಂಗಳಿಂದಲೇ. 1915ರ ಹೊತ್ತಿಗೆ ಗಣಿಗೆ ಹೆಚ್ಚಿನ ವಿದ್ಯುತ್ತು ಕೊಡಬೇಕು ಅನ್ನೋ ಗಡುವಿಗಾಗಿ ಸಾವಿರಾರು ಜನ ಹಗಲೂ ರಾತ್ರಿ ದುಡಿದರು. ರಾತ್ರಿ ಕೆಲಸಕ್ಕೆ ಬೆಳಕು ಯಾವುದು ಗೊತ್ತೇ? ಸೀಮೆಎಣ್ಣೆಯ ವಾಷಿಂಗ್ಟನ್ ದೀಪ! ಕರೆಂಟಿಗೋಸ್ಕರ ಕಟ್ಟಿದ ಕಟ್ಟೆ ಎಣ್ಣೆ ದೀಪದಲ್ಲಿ ಎದ್ದಿತು.

ಇಲ್ಲಿಗೆ ಬಂದಾಗ "ನೀರನ್ನ ಮತ್ತೆ ನದಿಗೇ ಬಿಡ್ತೀವಿ" ಅನ್ನೋ ವಾದ ಸಾಲದೇ ಹೋಯಿತು. ಬಿಡೋದು ಹೌದು, ಆದರೆ ಯಾವಾಗ? ಹಿಡಿದಿಡೋ ಕಾಲ ಮೈಸೂರಿನ ಕೈಯಲ್ಲಿದ್ದರೆ ತಂಜಾವೂರಿನ ಕುರುವೈ ಬೆಳೆಗೆ ಸಮಯಕ್ಕೆ ನೀರು ಬರುತ್ತಾ ಅನ್ನೋದು ಮದರಾಸಿನ ಆತಂಕ. 1892ರ ಒಪ್ಪಂದ ಆಗಲೇ ಇತ್ತು. ಮೊದಲ ಹಂತಕ್ಕೆ 80 ಅಡಿ ಎತ್ತರ ಅಂತ ಒಪ್ಪಿಗೆ ಸಿಕ್ಕರೂ ವಿಶ್ವೇಶ್ವರಯ್ಯ ಪಾಯವನ್ನ ಪೂರ್ತಿ 124 ಅಡಿಗೆ ಬೇಕಾದಷ್ಟು ಅಗಲ ಹಾಕಿಸಿದರು. ಇದನ್ನ ನಾವು ಜಾಣ್ಮೆ ಅಂತ ಚಪ್ಪಾಳೆ ತಟ್ಟಿ ಹೇಳ್ತೀವಿ, ಆಚೆ ದಡದವರು ಬೇರೆ ಪದ ಬಳಸ್ತಾರೆ. 1914ರಲ್ಲಿ ಗ್ರಿಫಿನ್ ತೀರ್ಪು, ಅದಕ್ಕೆ ಮೇಲ್ಮನವಿ, 1924ರ ಒಪ್ಪಂದ, 1990ರ ನ್ಯಾಯಮಂಡಳಿ, 2007ರ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು... ಟೈರು ಸುಟ್ಟ ದಿನಗಳೆಲ್ಲ ನಿಮಗೆ ನೆನಪಿವೆ. ಆ ಹಗ್ಗವನ್ನ ಹಿಡಿದು ಹಿಂದಕ್ಕೆ ಹೋದರೆ ಅದರ ಒಂದು ಎಳೆ ಕೋಲಾರದ ಗಣಿಯ ಮೋಟಾರಿಗೆ ಸುತ್ತಿಕೊಂಡಿರುತ್ತೆ. ಪೂರ್ತಿ ಹಗ್ಗ ಅಂತ ನಾನು ಹೇಳಲ್ಲ. ಒಂದು ಎಳೆ ಮಾತ್ರ, ಆದರೆ ಗಟ್ಟಿ ಎಳೆ. ಹಳೇ ಕನ್ನಂಬಾಡಿ ಊರು, ಅದರ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರಿನೊಳಗೆ ಹೋದವು. ನೀರು ಇಳಿದ ವರ್ಷ ಗೋಪುರ ಕಾಣುತ್ತಿತ್ತು. ಈಗ ಆ ದೇವಸ್ಥಾನವನ್ನ ಕಲ್ಲು ಕಲ್ಲು ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ಊರನ್ನ ಹಾಗೆ ಬಿಚ್ಚಿ ಕಟ್ಟೋಕೆ ಆಗಲ್ಲವಲ್ಲ.

ನನ್ನ ಅಜ್ಜಿಯ ತವರು ಮಳವಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರಾಚೆ ಹೊಲದ ಮೇಲೆ ದೊಡ್ಡ ಲೈನು ಹಾದು ಹೋಗುತ್ತಿತ್ತಂತೆ. ಮಳೆಗಾಲದಲ್ಲಿ ಅದರ ಕೆಳಗೆ ನಿಂತರೆ ಗುಂಯ್ ಅಂತ ಸದ್ದು. ಮಕ್ಕಳನ್ನ ಹೆದರಿಸೋಕೆ "ಅದರೊಳಗೆ ಕಾವೇರಮ್ಮ ಓಡ್ತಾ ಅವ್ಳೆ ಕಣ್ರಪ್ಪಾ, ಮುಟ್ಟಿದ್ರೆ ಎಳ್ಕಂಡು ಹೋಯ್ತಾಳೆ" ಅಂತಿದ್ದರಂತೆ ಹಿರಿಯರು. ಅಜ್ಜಿ ಮದುವೆಯಾಗಿ ಮೂರು ಮಕ್ಕಳಾದ ಮೇಲೂ ಆ ಊರಲ್ಲಿ ಬುಡ್ಡಿ ದೀಪವೇ. ಮೊದಲ ಬಲ್ಬು ಬಂದದ್ದು ಅರವತ್ತರ ದಶಕದಲ್ಲಿ, ಅದೂ ಪಟೇಲರ ಮನೆಗೆ. ತಲೆ ಮೇಲೆ ಕಾವೇರಿ ಓಡುತ್ತಿದ್ದಳು, ನೂರು ಮೈಲಿ ಆಚೆ ನೆಲದಡಿ ಚಿನ್ನ ತೆಗೆಯೋಕೆ. ಅಜ್ಜಿಗೆ ಇದರ ಬಗ್ಗೆ ಸಿಟ್ಟೇನೂ ಇರಲಿಲ್ಲ. ಆ ಸಿಟ್ಟು ನನಗಿದೆ.

ಹಾಗಾದರೆ ಈ ಕರೆಂಟು ಹಸಿರೋ ಅಲ್ಲವೋ? ನನ್ನ ಲೆಕ್ಕ ಹೀಗಿದೆ. ಬಾಯ್ಲರಿಗೆ ಹೋಗಬೇಕಿದ್ದ ಸೌದೆ, ಕಲ್ಲಿದ್ದಲು ಉಳಿಯಿತು, ಅದು ನಿಜ, ನೂರು ವರ್ಷದ ಲೆಕ್ಕ ಹಾಕಿದರೆ ಬಹಳ ದೊಡ್ಡದು. ಅದೇ ಅಗ್ಗದ ಶಕ್ತಿಯಿಂದ ಗಣಿ ಇನ್ನೂ ಆಳಕ್ಕೆ ಹೋಯಿತು, ಚಾಂಪಿಯನ್ ರೀಫ್ ಮೂರು ಕಿ.ಮೀ.ಗೂ ಕೆಳಗೆ ಇಳಿಯಿತು. ಸಿಕ್ಕ ಚಿನ್ನ ಒಟ್ಟು ಸುಮಾರು 800 ಟನ್. ಅದಕ್ಕಾಗಿ ಪುಡಿ ಮಾಡಿ, ಸೈನೈಡಿನಲ್ಲಿ ತೊಳೆದು ಸುರಿದ ಮಣ್ಣು ಮೂರು ಕೋಟಿ ಟನ್ನಿಗೂ ಮೇಲೆ ಅಂತ ಅಂದಾಜು. ಕೆಜಿಎಫ್ ಜನ ಅದನ್ನ 'ಸೈನೈಡ್ ಗುಡ್ಡ' ಅಂತಾರೆ. ಬೇಸಿಗೆಯ ಗಾಳಿಗೆ ಆ ದೂಳು ಮನೆಯೊಳಗೆ ಬರುತ್ತೆ. ಕರೆಂಟು ಶುದ್ಧ ಇರಬಹುದು, ಅದು ಯಾವ ಯಂತ್ರ ತಿರುಗಿಸಿತು ಅನ್ನೋದು ಬೇರೆ ಪ್ರಶ್ನೆ. ಬೋರ್ಡು ಹಾಕೋರು ಈ ಎರಡನ್ನೂ ಒಂದೇ ಮಾಡಿ ಹೇಳ್ತಾರೆ, ಅಲ್ಲೇ ನನ್ನ ತಕರಾರು.

ಈಗಿನದ್ದನ್ನ ಸ್ವಲ್ಪ ನೋಡಿ. 2003ರ ವಿದ್ಯುತ್ ಕಾಯ್ದೆ ಬಂದಮೇಲೆ ದೊಡ್ಡ ಬಳಕೆದಾರರು ದೂರದ ಉತ್ಪಾದಕರಿಂದ ನೇರವಾಗಿ ಕೊಂಡು, ಸರ್ಕಾರದ ತಂತಿಗೆ ಬಾಡಿಗೆ ಕೊಟ್ಟು ತರಿಸಿಕೊಳ್ಳೋ ದಾರಿ ತೆರೆಯಿತು. 2022ರಲ್ಲಿ ಕೇಂದ್ರ ಸರ್ಕಾರ ಹಸಿರು ವಿದ್ಯುತ್ತಿಗೆ ಆ ಮಿತಿಯನ್ನ 100 ಕಿಲೋವ್ಯಾಟಿಗೆ ಇಳಿಸಿತು, ಅಂದರೆ ಒಂದು ಮಧ್ಯಮ ಗಾತ್ರದ ಆಫೀಸು ಕಟ್ಟಡ, ಆಸ್ಪತ್ರೆ, ಹೋಟೆಲ್ಲು ಕೂಡ ಕೊಳ್ಳಬಹುದು. ಚಿತ್ರದುರ್ಗ, ಗದಗದ ಗುಡ್ಡದ ಗಾಳಿ ಬೆಂಗಳೂರಿನ ಎ.ಸಿ. ಓಡಿಸುತ್ತೆ. 1902ರ ಏರ್ಪಾಡೇ, ಗಿರಾಕಿಗಳು ಮಾತ್ರ ನೂರಾರು.

ಒಂದು ವಿಷಯದಲ್ಲಿ ಮುಂದಕ್ಕೆ ಹೋಗಿದ್ದೀವಿ ಅನ್ನಿಸುತ್ತೆ. ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆ ಬೇಕಾದಾಗ ಜಮೀನನ್ನ ಕಿತ್ತುಕೊಳ್ಳಲಿಲ್ಲ, ಗೇಣಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಕಾಣದ ತಾಲ್ಲೂಕಿನಲ್ಲಿ ಶೇಂಗಾ ಬೆಳೆದು ಸಾಲ ಮಾಡಿಕೊಳ್ಳೋದಕ್ಕಿಂತ ಅದು ವಾಸಿ. ಹಿಡುವಳಿ ಇದ್ದವರಿಗೆ ವಾಸಿ, ಅಂತ ತಿದ್ದಿ ಓದಿ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗೇಣಿ ಬರಲ್ಲ. ಕನ್ನಂಬಾಡಿಯಲ್ಲಿ ಊರೇ ಹೋಯಿತು, ಪಾವಗಡದಲ್ಲಿ ಊರು ಇದೆ, ಕೂಲಿ ಹೋಯಿತು. ಸುಧಾರಣೆ ಅಂದರೆ ಸುಧಾರಣೆ, ಪೂರ್ತಿ ಆಗಿಲ್ಲ ಅಂದರೆ ಆಗಿಲ್ಲ.

ಕೂಡಿಡೋ ಮಡಿಕೆಯ ಪ್ರಶ್ನೆಯೂ ತಿರುಗಿ ಬಂದಿದೆ. ಹಗಲಿನ ಸೋಲಾರ್ ಕರೆಂಟಿನಲ್ಲಿ ನೀರನ್ನ ಮೇಲಕ್ಕೆ ಪಂಪು ಮಾಡಿ, ಸಂಜೆ ಕೆಳಕ್ಕೆ ಬಿಟ್ಟು ಕರೆಂಟು ತೆಗೆಯೋ 2,000 ಮೆಗಾವ್ಯಾಟಿನ ಯೋಜನೆಯನ್ನ ಕರ್ನಾಟಕ ವಿದ್ಯುತ್ ನಿಗಮ ಶರಾವತಿ ಕಣಿವೆಯಲ್ಲಿ ಹಾಕಿಕೊಂಡಿತು, ಸಿಂಗಳೀಕಗಳ ಕಾಡಿನಲ್ಲಿ. ಮಲೆನಾಡಿನವರು ಬೀದಿಗಿಳಿದರು. ಅದರ ಪರ ವಾದಿಸೋರ ಮಾತು ಕೇಳಿದರೆ ನನಗೆ 1911ರ ಕಾಗದಪತ್ರಗಳೇ ನೆನಪಾಗುತ್ತವೆ. ತಾಂತ್ರಿಕವಾಗಿ ಅವರ ಲೆಕ್ಕದಲ್ಲಿ ತಪ್ಪಿಲ್ಲ, ಆಗಲೂ ಇರಲಿಲ್ಲ. ಲೆಕ್ಕದ ಹಾಳೆಯಲ್ಲಿ ಯಾರ ಕಾಲಂ ಇಲ್ಲ ಅನ್ನೋದನ್ನ ಮಾತ್ರ ಯಾರಾದರೂ ಜೋರಾಗಿ ಕೇಳ್ತಾ ಇರಬೇಕು.

ಶಿವನಸಮುದ್ರದ ಸ್ಥಾವರ ಆಮೇಲೆ ಬೆಳೆದು 42 ಮೆಗಾವ್ಯಾಟ್ ಆಯಿತು. ಪಕ್ಕದ ಶಿಂಷಾದಲ್ಲಿ 1940ರಲ್ಲಿ ಇನ್ನೊಂದು ಬಂತು, ಜೋಗದಲ್ಲಿ 1948ರಲ್ಲಿ ಮತ್ತೊಂದು, ಆಮೇಲೆ ಶರಾವತಿ, ಕಾಳಿ... ಅವುಗಳ ಮುಂದೆ ಈ ಮುದುಕ ಕಣ್ಣಿಗೆ ಕಾಣೋದೂ ಇಲ್ಲ. ಆದರೂ ಮಳೆಗಾಲದಲ್ಲಿ ಗಗನಚುಕ್ಕಿ ನೋಡೋಕೆ ಹೋದವರು ಕಡಲೆಕಾಯಿ ತಿನ್ನುತ್ತಾ "ಏನು ನೀರು!" ಅಂತ ಬಾಯಿಬಿಡುವಾಗ, ಅದೇ ನದಿಯ ಒಂದು ಪಾಲು ಕೊಳವೆಯೊಳಗೆ ಸದ್ದಿಲ್ಲದೆ ಇಳೀತಾ ಇರುತ್ತೆ. ಅದನ್ನ ಕೊಂಡ ಗಿರಾಕಿ ಅಂಗಡಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಸರ್ಕಾರದ ಗಣಿ ಕಂಪನಿ ನಷ್ಟ ತಾಳಲಾರೆ ಅಂದಿತು, ಸಾವಿರಾರು ಮನೆಗಳ ಸಂಬಳ ನಿಂತಿತು. ಅಲ್ಲಿನ ಮಕ್ಕಳು ಈಗ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಬರ್ತಾರೆ, ಆ ಹಸಿರು ಬೋರ್ಡು ಹಾಕಿಕೊಂಡ ಕಟ್ಟಡಗಳಲ್ಲೇ ಎಷ್ಟೋ ಜನಕ್ಕೆ ಕೆಲಸ.

ನಿಮ್ಮಲ್ಲಿ ಯಾರಾದರೂ ಕೆಜಿಎಫ್‌ನಲ್ಲಿ ಬೆಳೆದವರಿದ್ದರೆ, ಮಿಣಮಿಣ ಅನ್ನೋ ಹಳೇ ದೀಪದ ಕಥೆ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದರೆ, ದಯವಿಟ್ಟು ಬರೀರಿ. ಮಳವಳ್ಳಿ, ಕನಕಪುರ ಕಡೆಯವರು ತಮ್ಮ ಊರಿಗೆ ಮೊದಲ ಬಲ್ಬು ಬಂದ ವರ್ಷ ತಿಳಿಸಿದರೂ ಸಾಕು. ಆ ಹಳೇ ಲೈನಿನ ಕೆಳಗಿದ್ದ ಊರುಗಳ ಒಂದು ಪಟ್ಟಿ ಮಾಡಬೇಕು ಅಂತಿದ್ದೀನಿ.